ಎದುರು ಮನೆಗೆ ಬಂದ ಗ್ರೈಂಡರ್

ಯುಗಾದಿಯ ಹಿಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ನನ್ನ ಬಾಗಿಲ ಬಳಿ ನಿಂತಿದ್ದೆ. ಎದುರು ಮನೆಯ ಸುಮತಿ ಅಕ್ಕನಿಗೆ ಆನ್‌ಲೈನ್‌ನಲ್ಲಿ ತರಿಸಿದ ಗ್ರೈಂಡರ್ ಬಂತು. ಅವರು ಬುಕ್ ಮಾಡಿದ ಕಡಿಮೆ ಬೆಲೆಗೇ ನಾನೂ ಒಂದು ಬುಕ್ ಮಾಡಿದ್ದೆ. ಬೆಲೆ ತಪ್ಪಾಗಿ ಬಿದ್ದಿತ್ತೆಂದು ಕಂಪನಿ ನಮ್ಮಿಬ್ಬರ ಆರ್ಡರನ್ನೂ ರದ್ದು ಮಾಡಿತ್ತು.

"ನಿಮ್ಮದು ಹೇಗೆ ಬಂತು ಅಕ್ಕ?" ಎಂದೆ.

"ನೀವು ರೀಫಂಡ್ ತಗೊಂಡು ಸುಮ್ಮನಾದ್ರಿ ಮಾರಾಯ್ರೆ. ನಾನು ಸ್ಕ್ರೀನ್‌ಶಾಟ್ ಇಟ್ಟು ಗ್ರಾಹಕರ ಹೆಲ್ಪ್‌ಲೈನಿಗೆ ಕಂಪ್ಲೇಂಟ್ ಕೊಟ್ಟೆ, ಅದೇ ಬೆಲೆಗೆ ಕಳಿಸಿದ್ರು. ಸ್ವಲ್ಪ ಎತ್ತಿ ಕೊಡಿ, ಕಲ್ಲು ಭಾರ ಉಂಟು."

ಎತ್ತಿ ಒಳಗಿಟ್ಟೆ. ಕಲ್ಲು ಒಡೆದಿರಲಿ ಎಂದು ಆ ನಾಲ್ಕು ಹೆಜ್ಜೆಯಲ್ಲಿ ಬಯಸಿದ್ದು ನಿಜ. ಒಡೆದಿರಲಿಲ್ಲ.

ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಗ್ರೈಂಡರ್ ಒಳಗಿಡುವಾಗ ನನ್ನ ಮುಖ ಕಂಡವರು ಅಲ್ಲೇ ಕೂತಿದ್ದ ಅಕ್ಕನ ಅತ್ತೆ ಒಬ್ಬರೇ. ಎಂಬತ್ತು ದಾಟಿದರೂ ಗಟ್ಟಿಯಾಗಿದ್ದಾರೆ, ಸಿಕ್ಕಾಗಲೆಲ್ಲ ಕೇಳುತ್ತಾರೆ, "ನಿಮ್ಮದು ಯಾವಾಗ ಬರ್ತದೆ?"