ಅತ್ತೆಯ ದವಡೆ ಹಲ್ಲು

ಯೆಣೆಗೂರಿನ ಕುರಿಗಾರರ ಮನೆಯ ಸೊಸೆ ಶೀತಲ ಉಮರ್ಗಾದ ಹಲ್ಲಿನ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ ಅತ್ತೆ ಮಾಳವ್ವ ಅವಳ ಕೂಡ ಮಾತು ಬಿಟ್ಟಳು. ಗಂಡ ನಾಗಣ್ಣ ಕುರಿ ಹೊಡೆದುಕೊಂಡು ನಿಲಂಗಾದ ಕಡೆ ಹೋಗಿದ್ದ. ಮನೆಯಲ್ಲಿ ಇವರಿಬ್ಬರೇ. ಕಡೆಗೊಂದು ಮುಂಜಾನೆ ಮಾಳವ್ವನಿಗೆ ತಡೆಯಲಾಗಲಿಲ್ಲ.

"ಕಂಡಕಂಡವರ ಎಂಜಲ ಬಾಯಾಗ ಕೈ ಹಾಕು ಕೆಲಸ. ಬೀರಪ್ಪಗ ದೀಪ ಹಚ್ಚು ಕೈ ಅದು. ಬಿಟ್ಟಬಿಡು."

"ಬಿಡಂಗಿಲ್ಲ ಅತ್ತಿ. ಕೈ ತೊಳ್ಕೊಂಡೇ ದೀಪ ಹಚ್ತೀನಿ," ಎಂದು ಶೀತಲ ಬುತ್ತಿ ಕಟ್ಟಿಕೊಂಡು ಎಸ್‌ಟಿ ಬಸ್ಸು ಹತ್ತಿದಳು.

ದವಾಖಾನೆಯ ಬಾಗಿಲು ತೆರೆಯುವವಳು ಅವಳೇ. ಕುರ್ಚಿ ಒರೆಸಬೇಕು, ಇಕ್ಕಳ, ಕನ್ನಡಿಗಳನ್ನು ತಿಕ್ಕಿ ತೊಳೆದು ಕುಕ್ಕರಿನಂಥ ಯಂತ್ರದ ಹಬೆಯಲ್ಲಿ ಬೇಯಿಸಬೇಕು, ಬಂದವರ ಬಿಪಿ, ಶುಗರು ಕೇಳಬೇಕು. ಡಾಕ್ಟರ್ ಶಿವಾನಿ ಮ್ಯಾಡಂ ಹಲ್ಲು ಕೊರೆಯುವಾಗ ಪಕ್ಕದಲ್ಲಿ ನಿಂತು ಸಣ್ಣ ಪೈಪಿನಿಂದ ಉಗುಳು ಎಳೆಯಬೇಕು. ಮ್ಯಾಡಂ ಕೈ ಚಾಚಿದರೆ ಬೇಕಾದ ಸಾಮಾನು ಅಲ್ಲಿರಬೇಕು. ಮೊದಮೊದಲು ಹುಳುಕು ತುಂಬಲು ಅವಳು ಕಲಸಿದ ಸಿಮೆಂಟು ಹಲ್ಲು ಮುಟ್ಟುವ ಮೊದಲೇ ಕಲ್ಲಾಗುತ್ತಿತ್ತು. ಮಧ್ಯಾಹ್ನ ಪೇಶಂಟ್ ಇಲ್ಲದಾಗ ಗಾಜಿನ ತುಂಡಿನ ಮೇಲೆ ಕಲಸಿ ಕಲಸಿ ಹದ ಹಿಡಿದಳು. ಮ್ಯಾಡಂ ಲಾತೂರಿನವರು, ಕನ್ನಡ ಬಾರದು. ಗಡಿಯ ಹಳ್ಳಿಗಳ ಮುದುಕರ ನೋವನ್ನು ಮರಾಠಿಯಲ್ಲಿ ಹೇಳುವುದೂ ಅವಳ ಪಾಲಿಗೇ ಬಂತು.

ಹೀಗಿರುವಾಗ ಮಾಳವ್ವನ ಕೆನ್ನೆ ಬಾತಿತು. ದಿನಾ ಹಲ್ಲಿಗೆ ಹಚ್ಚುವ ಮಿಶ್ರಿ, ಅದೇ ಹುರಿದ ತಂಬಾಕಿನ ಪುಡಿ, ಅದನ್ನೇ ಒತ್ತಿದಳು, ಲವಂಗ ಇಟ್ಟಳು. ಬಾವು ಏರಿತು, ಜ್ವರವೂ ಬಂತು.

"ನಡೀರಿ ಅತ್ತಿ, ನನ್ನ ಕೂಡ."

"ದವಡಿ ಹಲ್ಲು ಕೀಳಿಸಿದರ ಕಣ್ಣು ಹೋಗ್ತಾವ. ನಾ ಬರಂಗಿಲ್ಲ."

"ಕೀಳಿಸ್ಕೊಂಡ ಮಂದಿ ತಾವೇ ಬಸ್ಸಿನ ಬೋರ್ಡ್ ಓದಿ ಮನಿಗಿ ಹೋಗ್ತಾರ. ನಾ ದಿನಾ ನೋಡ್ತೀನಿ. ನೀವು ಏಳೂತನ ನಾನೂ ಏಳಂಗಿಲ್ಲ."

ಶೀತಲ ಬಾಗಿಲಿಗೆ ಅಡ್ಡ ಕುಳಿತೇಬಿಟ್ಟಳು. ಒಂದು ಬಸ್ಸು ಹೋಯಿತು. ಮುಂದಿನದು ಬರುವ ಹೊತ್ತಿಗೆ ಮಾಳವ್ವ ಕೆನ್ನೆಗೆ ಸೆರಗು ಸುತ್ತಿಕೊಂಡು ಹೊರಬಂದಳು.

ಮ್ಯಾಡಂ ಮೊದಲು ಗುಳಿಗೆ ಕೊಟ್ಟರು. ಬಾವು ಇಳಿದ ಮೇಲೆ ಹಲ್ಲು ಕೀಳುವ ದಿನ ಬಂತು. ಸೂಜಿ ಚುಚ್ಚಿ ವಸಡು ಜೋಮು ಹಿಡಿಸಿದ್ದಾಯಿತು. "ತೋಂಡ್ ಉಘಡಾ, ಆಜಿ," ಎಂದರು ಮ್ಯಾಡಂ. "ಬಾಯಿ ತೆರೀರಿ, ಅತ್ತಿ," ಎಂದಳು ಶೀತಲ. ಮಾಳವ್ವ ತೆರೆದಳು. ಇಕ್ಕಳ ಕಂಡದ್ದೇ ತಡ, ಗಪ್ಪನೆ ಕಚ್ಚಿದಳು. ಕೆನ್ನೆ ಸರಿಸಿ ಹಿಡಿದಿದ್ದ ಶೀತಲಳ ಬೆರಳು ನಡುವೆ ಸಿಕ್ಕಿತು. ಅವಳ ಕಣ್ಣಲ್ಲಿ ನೀರಾಡಿತು. ಆದರೂ ಕೈ ಕಿತ್ತುಕೊಳ್ಳಲಿಲ್ಲ. ಇನ್ನೊಂದು ಕೈಯನ್ನು ಅತ್ತೆಯ ಹಣೆಯ ಮೇಲಿಟ್ಟಳು.

"ಜಗ್ಗಿದಂಗ ಆಗ್ತದ, ಅಷ್ಟೇ. ಇಕ್ಕಳ ನೋಡಬ್ಯಾಡ್ರಿ, ನನ್ನ ಮಾರಿ ನೋಡ್ರಿ."

ಮುದುಕಿ ನೋಡಿದಳು. ದವಡೆ ಸಡಿಲಾಯಿತು.

ಹೊರಗೆ ಹೋಗಿ ಕೂಡು ಎಂದು ಮ್ಯಾಡಂ ಹೇಳಿದರೂ ಶೀತಲ ಹೋಗಲಿಲ್ಲ. ಕೈ ತೊಳೆದು ಪಟ್ಟಿ ಸುತ್ತಿ, ಹೊಸ ಕೈಗವಸು ಹಾಕಿಕೊಂಡು ಮತ್ತೆ ಪೈಪು ಹಿಡಿದಳು. ಈ ಸಲ ಹಲ್ಲು ಬುಡಸಮೇತ ಬಂತು.

"ಹತ್ತಿ ಒತ್ತಿ ಹಿಡೀರಿ. ಉಗುಳಬ್ಯಾಡ್ರಿ. ಇವತ್ತ ತಣ್ಣನ ಗಂಜಿ. ಮಿಶ್ರಿ ಮುಟ್ಟಂಗಿಲ್ಲ." ಎಲ್ಲರಿಗೂ ಹೇಳುವ ಮಾತನ್ನೇ ಅತ್ತೆಗೂ ಹೇಳಿದಳು.

ಬಸ್ಸಿನಲ್ಲಿ ಮಾಳವ್ವ ಉಗುಳಲು ಕಿಟಕಿಯತ್ತ ಬಗ್ಗಿದಳು. ಶೀತಲ ತಲೆ ಅಲ್ಲಾಡಿಸಿದಳು. ಮುದುಕಿ ನುಂಗಿಕೊಂಡಳು. ಆಮೇಲೆ ಸೊಸೆಯ ಕೈ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಪಟ್ಟಿ ಸುತ್ತಿದ ಬೆರಳನ್ನು ಊರು ಬರುವವರೆಗೂ ಸವರಿದಳು.

ಕೆಲಸ ಬಿಡು ಎಂಬ ಮಾತು ಮತ್ತೆ ಏಳಲಿಲ್ಲ. ನೆರೆಮನೆಯ ಕಾಂತಾಬಾಯಿಗೆ ಹಲ್ಲುನೋವು ಬಂದಾಗ ಮಾಳವ್ವನೇ ಕರೆತಂದು ಕುರ್ಚಿಗೆ ಕೂಡಿಸಿದಳು. ಮಿಶ್ರಿಯನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ಜೋಳದ ಚೀಲದ ಹಿಂದೆ ಡಬ್ಬಿ ಸಿಕ್ಕಾಗೆಲ್ಲ ಶೀತಲ ತಿಪ್ಪೆಗೆ ಸುರಿಯುತ್ತಾಳೆ. ಮಾಳವ್ವ ಮತ್ತೊಂದು ತರಿಸುತ್ತಾಳೆ. ಇಬ್ಬರೂ ಸೋಲುವ ಪೈಕಿ ಅಲ್ಲ. ಆದರೆ ಈಚೆಗೆ ಹೊಸ ಡಬ್ಬಿ ಬರುವುದು ತಡವಾಗುತ್ತಿದೆ.