ಶುಯಿ ಮಾಸ್ತರರ ಕರಿ ಸೇಬು

ಹುವೇಯ್ ಪೇಟೆಯಲ್ಲಿ ಮೀನು ಮಾರುಕಟ್ಟೆಯ ಹಿಂದಿನ ಓಣಿಗೆ ಹೋಗಿ ಪಿ-ಯುನ್ ಅಂಗಡಿ ಯಾವುದು ಎಂದರೆ ಯಾರಾದರೂ ತೋರಿಸುತ್ತಾರೆ. ಅಪ್ಪನ ಕಾಲದಲ್ಲಿ ಅದು ರೇಡಿಯೋ ರಿಪೇರಿ ಅಂಗಡಿ. ಬೋರ್ಡಿನ ಮೇಲೆ ಈಗಲೂ ರೇಡಿಯೋದ ಚಿತ್ರವೇ ಇದೆ. ಅಪ್ಪ ಹಾಸಿಗೆ ಹಿಡಿದಾಗ ತೈಪೆಯಲ್ಲಿ ಓದು ಬಿಟ್ಟು ಬಂದವಳು ಮತ್ತೆ ಹೋಗಲಿಲ್ಲ, ಮದುವೆಯೂ ಆಗಲಿಲ್ಲ. ಯಾಕಮ್ಮ ಎಂದು ಕೇಳುತ್ತಿದ್ದ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ತೀರಿಕೊಂಡರು. ಆಮೇಲೆ ಕೇಳುವವರೂ ಇಲ್ಲವಾದರು.

ರೇಡಿಯೋ ಹೋಗಿ ಟೀವಿ ಬಂತು, ಟೀವಿ ಹೋಗಿ ಕಂಪ್ಯೂಟರ್ ಬಂತು. ಮದುವೆ ಫೋಟೋ ತೆಗೆಯುವವರು, ಹಾಡು ಕಟ್ಟುವವರು, ಸಿನಿಮಾ ಕತ್ತರಿಸುವವರು ಅವಳ ಹತ್ತಿರ ಬರುತ್ತಿದ್ದದ್ದು ಕರಿ ಸೇಬಿಗಾಗಿ. ಅಲ್ಲಿ ಇಲ್ಲಿ ತಂದ ಬಿಡಿಭಾಗ ಜೋಡಿಸಿ, ಆ ಸಾದಾ ಡಬ್ಬಿಯೊಳಗೆ ಸೇಬಿನ ಗುರುತಿನ ದುಬಾರಿ ಮ್ಯಾಕ್ ಕಂಪ್ಯೂಟರಿನ ವ್ಯವಸ್ಥೆ ತುಂಬಿ, ತಾನು ಅಸಲಿ ಮ್ಯಾಕ್ ಎಂದು ಅದೇ ನಂಬುವ ಹಾಗೆ ಮಾಡುವ ಕೆಲಸ. ದೇಹ ಒಬ್ಬರದು, ಒಳಗೆ ಹೊಕ್ಕ ಜೀವ ಇನ್ನೊಬ್ಬರದು. ಹಾಗಾಗಿ ಸದಾ ಏನಾದರೊಂದು ತಕರಾರು. ಮಲಗಿಸಿದರೆ ಏಳುವುದಿಲ್ಲ, ಎದ್ದರೆ ಮಾತಾಡುವುದಿಲ್ಲ. ಕೆಲಸ ಮುಗಿದ ಮೇಲೆ ಪಿ-ಯುನ್ ಪ್ರತಿ ಯಂತ್ರದ ನೆತ್ತಿಯ ಮೇಲೂ ಹಸಿರು ಪೊಟ್ಟಣದ ಕುರುಕಲು ತಿಂಡಿ ಇಡುತ್ತಿದ್ದಳು. ಹಸಿರು ಪೊಟ್ಟಣ ಇಟ್ಟ ಯಂತ್ರ ಹೇಳಿದ ಮಾತು ಕೇಳುತ್ತದೆ ಎಂದು ನಂಬಿಕೆ. ಊರಿನ ಬ್ಯಾಂಕಿನವರೂ ಇಡುತ್ತಾರೆ.

ಬೊಂಬೆಯಾಟದ ಶುಯಿ ಮಾಸ್ತರರು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಒಂದು ಮಧ್ಯಾಹ್ನ, ಕತ್ತಿಗೆ ಟವೆಲು ಸುತ್ತಿಕೊಂಡು.

"ಚಿಕ್ಕವಳಿದ್ದಾಗ ಗುಡಿ ಮುಂದೆ ನನ್ನ ಆಟ ನೋಡ್ತಾ ಚಡ್ಡಿ ಒದ್ದೆ ಮಾಡ್ಕೊಂಡು ಓಡ್ಹೋಗಿದ್ಲಲ್ಲ, ಆ ರೇಡಿಯೋದವ್ನ ಮಗಳು ನೀನೇ ತಾನೆ?" ಎಂದರು.

"ನಾನೇ. ಪ್ರೇತ ಸೇನಾಪತಿ ಹಾಗೆ ನಕ್ಕಿದ್ದು ಯಾರು ಮತ್ತೆ?"

"ನಾನೇ ನಕ್ಕಿದ್ದು. ಅದಕ್ಕೇ ಬಂದೆ. ಆ ನಗು ಎತ್ತಿಡೋಕೆ ಒಂದು ಡಬ್ಬಿ ಬೇಕಾಗಿದೆ."

ಮಾಸ್ತರರ ಮೇಳದಲ್ಲಿ ಬೊಂಬೆ ಆಡಿಸುವ ಕೈಗಳು ಹಲವು, ಗಂಟಲು ಮಾತ್ರ ಅವರೊಬ್ಬರದೇ. ರಾಜ, ಮುದುಕಿ, ಸನ್ಯಾಸಿ, ಕಳ್ಳ, ಪ್ರೇತ, ಎಲ್ಲರೂ ಆ ಒಂದು ಬಾಯಲ್ಲೇ ಹುಟ್ಟಿ ಸಾಯುತ್ತಿದ್ದರು. ಆ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಕೊಯ್ದು ತೆಗೆದರೆ ಜೀವ ಉಳಿದರೂ ದನಿ ಉಳಿಯುವುದಿಲ್ಲ ಎಂದಿದ್ದರು ವೈದ್ಯರು. ಅಷ್ಟರೊಳಗೆ ಆಟಗಳನ್ನೆಲ್ಲ ಹೇಳಿ ತುಂಬಿಸಿಡಬೇಕು. ತಾಯ್‌ಚುಂಗ್‌ನ ಸ್ಟುಡಿಯೋದಲ್ಲಿ ಅವರು ಕೈ ಪಳಗಿಸಿಕೊಂಡಿದ್ದ, ದನಿ ತುಂಬಿಸುವ ಸಾಫ್ಟ್‌ವೇರ್ ಮ್ಯಾಕ್‌ನಲ್ಲಿ ಮಾತ್ರ ಓಡುತ್ತಿತ್ತು.

"ಆ-ಲುವಾನ್‌ಗೆ ಇನ್ನೂ ಹೇಳಿಲ್ಲ. ನಿನ್ನ ಬಾಯಿಂದ ಹೋದ್ರೆ ನೋಡು," ಎಂದರು. ಆ-ಲುವಾನ್ ಅವರ ಒಬ್ಬಳೇ ಮಗಳು. ತಾಯಿಯಿಲ್ಲದೆ ಬೊಂಬೆ ಪೆಟ್ಟಿಗೆಗಳ ನಡುವೆಯೇ ಬೆಳೆದವಳು.

ಯಂತ್ರ ಕಟ್ಟುವಾಗ ಮಾಸ್ತರರು ಪಕ್ಕದಲ್ಲೇ ಸ್ಟೂಲು ಹಾಕಿ ಕೂತರು. ಮೊದಲ ಸಲ ಚಾಲೂ ಮಾಡಿದಾಗ ಕರಿ ಪರದೆಯ ಮೇಲೆ ಬಿಳಿ ಅಕ್ಷರಗಳು ಮಳೆ ಹುಳುಗಳ ಹಾಗೆ ಸುರಿದು, ನಡುವೆ ಒಂದು ಸಾಲಿನಲ್ಲಿ ಗಕ್ಕನೆ ನಿಂತವು. ಯಾವ ಸಾಲಿನಲ್ಲಿ ನಿಂತಿತೋ ಅಲ್ಲೇ ರೋಗ. ಪಿ-ಯುನ್ ಅದನ್ನು ಓದಿ, ಒಂದು ಕಡತ ತೆಗೆದು ಇನ್ನೊಂದು ಸೇರಿಸಿ, ಮತ್ತೆ ಚಾಲೂ ಮಾಡಿದಳು. ಇನ್ನೂ ಸ್ವಲ್ಪ ಮುಂದೆ ಹೋಗಿ ನಿಂತಿತು. ಕೊನೆಗೂ ಪರದೆ ಬೆಳಗಿದಾಗ ದನಿಯೇ ಇಲ್ಲ.

"ಮೂಗ ಮಗು ಹೆತ್ಯಲ್ಲೇ," ಎಂದರು ಮಾಸ್ತರರು.

"ಸುಮ್ನಿರಿ. ಇದಕ್ಕೊಂದು ನಂಬರು ಇರತ್ತೆ. ಸರಿಯಾದ್ದು ಕೊಟ್ರೆ ಬಾಯಿ ಬಿಡತ್ತೆ."

ಒಂದೊಂದೇ ನಂಬರು ಕೊಟ್ಟು, ಆರಿಸಿ, ಮತ್ತೆ ಹೊತ್ತಿಸಿ ನೋಡಿದಳು. ಹೊತ್ತು ಇಳಿಯುವ ಹೊತ್ತಿಗೆ ಯಾವುದೋ ಒಂದು ಸರಿಯಾಯಿತು. ಮಾಸ್ತರರು ಮೈಕಿನ ಮುಂದೆ ಬಗ್ಗಿ ಪ್ರೇತ ಸೇನಾಪತಿಯ ಹಾಗೆ ನಕ್ಕರು. ಯಂತ್ರ ತಿರುಗಿ ಹಾಗೆಯೇ ನಕ್ಕಿತು. ಎದುರಿನ ಹಣ್ಣಿನಂಗಡಿಯವಳು ಕೈಯಲ್ಲಿದ್ದ ಪೇರಲೆ ಕೆಳಗೆ ಬಿಟ್ಟಳು. ಆದರೆ ನಕ್ಕು ಮುಗಿಸಿದ ಮಾಸ್ತರರು ಯಂತ್ರದ ನಗು ಕೇಳುತ್ತ ಬಿಳಿಚಿಕೊಂಡಿದ್ದು ಪಿ-ಯುನ್‌ಗೆ ಮಾತ್ರ ಕಂಡಿತು.

"ಸತ್ತ ಮೇಲೆ ಹೀಗೆ ಕೇಳಿಸ್ತೀನಿ ಅನ್ನು," ಎಂದರು ಮೆಲ್ಲಗೆ.

ಆ ವರ್ಷ ಪೂರ್ತಿ ಅವಳು ಅವರ ಮನೆಗೆ ಹೋಗಿ ಬಂದಳು. ಒಂದು ದಿನ ಡಿಸ್ಕು ಕಾಣುವುದಿಲ್ಲ, ಇನ್ನೊಂದು ದಿನ ಬ್ಲೂಟೂತ್ ಹಿಡಿಯುವುದಿಲ್ಲ. ಕೆಲವು ತಕರಾರು ನಿಜವಾದವು, ಕೆಲವು ಮಾಸ್ತರರೇ ತಂತಿ ಕಿತ್ತು ಮಾಡಿಕೊಂಡವು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೋಗುತ್ತಿದ್ದಳು. ಆಟಗಳು ಒಂದೊಂದಾಗಿ ಯಂತ್ರದೊಳಗೆ ಇಳಿದವು. ಕೊನೆಯದೊಂದು ಅರ್ಧಕ್ಕೆ ಉಳಿಯಿತು. ಗಂಟಲಿನ ಗಡ್ಡೆ ಕೊಯ್ದು ತೆಗೆದರು, ದನಿ ಹೋಯಿತು, ಚಳಿಗಾಲದಲ್ಲಿ ಮಾಸ್ತರರೂ ಹೋದರು. ಸಾವಿನ ಮನೆಯಲ್ಲಿ ಪಿ-ಯುನ್ ಪಕ್ಕದ ಮನೆಯವರ ಸಾಲಿನಲ್ಲಿ ನಿಂತು ಊದಿನಕಡ್ಡಿ ಹಚ್ಚಿ ಬಂದಳು.

ಏಳನೇ ತಿಂಗಳು ಹತ್ತಿರವಾಯಿತು. ಒಳ್ಳೆ ಅಣ್ಣಂದಿರು, ಅಂದರೆ ನೆಲೆಯಿಲ್ಲದ ಪ್ರೇತಗಳು, ಹೊರಗೆ ಬಂದು ಓಡಾಡುವ ತಿಂಗಳು. ಗುಡಿಗಳ ಮುಂದೆ ಅವರಿಗಾಗಿಯೇ ಆಟ ಆಡಿಸುತ್ತಾರೆ, ಮೊದಲ ಸಾಲಿನ ಕುರ್ಚಿಗಳನ್ನು ಖಾಲಿ ಬಿಡುತ್ತಾರೆ. ಮಾಸ್ತರರ ದನಿಯನ್ನು ಯಂತ್ರದಿಂದ ಹಚ್ಚಿ ಬೊಂಬೆ ಆಡಿಸುವ ಮೇಳಕ್ಕೆ ಕೈತುಂಬ ಕೆಲಸ. ಅಂಥ ಹೊತ್ತಿನಲ್ಲಿ ಆ-ಲುವಾನ್ ಯಂತ್ರವನ್ನು ಸ್ಕೂಟರಿನ ಮುಂದಿಟ್ಟುಕೊಂಡು ಬಂದಳು.

"ಅಕ್ಕ, ಇದು ಸಂಜೆಯಾದ್ರೆ ತಾನಾಗೇ ಏಳತ್ತೆ," ಎಂದಳು.

"ಬೇಡದಾಗ ಏಳೋದೂ ಕರಿ ಸೇಬಿನ ಹಳೇ ಕಾಯಿಲೆ."

"ಎದ್ದು ಮಾತಾಡತ್ತೆ."

ಪಿ-ಯುನ್ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಅಪ್ಪನ ದನಿ. ಆದ್ರೆ ಯಂತ್ರದಿಂದ ಅಲ್ಲ, ಅಪ್ಪನ ಫೋಟೋ ಹತ್ರದಿಂದ ಬರತ್ತೆ. ನಾನು ಊದಿನಕಡ್ಡಿ ಹಚ್ಚಿ ಈಕಡೆ ತಿರುಗೋದೇ ತಡ. ಆಟದ್ದು ಯಾವ ದನಿನೂ ಅಲ್ಲ, ಮನೇಲಿ ಮಾತಾಡೋ ದನಿ. ಮೇಳದವ್ರು ಕೇಳಿಸ್ಕೊಂಡ್ಬಿಟ್ರು. ಈಗ ಈ ಡಬ್ಬಿ ಇರೋ ಲಾರಿ ಹತ್ತಲ್ಲ ಅಂತಾರೆ."

"ಏನನ್ನತ್ತೆ?"

ಆ-ಲುವಾನ್ ಸ್ಕೂಟರಿನ ಕಡೆ ತಿರುಗಿದಳು. "ನೀನೇ ಕೇಳು," ಎಂದು ಹೊರಟುಹೋದಳು.

ಅಂಗಡಿಯಲ್ಲಿ ಯಂತ್ರ ಸತ್ತ ಹಾಗೆ ಮಲಗಿತ್ತು. ಮರುದಿನವೂ ಅಷ್ಟೇ. ಸಂಜೆಯಾದರೆ ಪಿ-ಯುನ್ ಶಟರು ಅರ್ಧ ಎಳೆದು, ಅದರ ಎದುರು ನೂಡಲ್ಸ್ ಬಟ್ಟಲು ಹಿಡಿದು ಕೂರುತ್ತಿದ್ದಳು. ಮಾರುಕಟ್ಟೆಯ ಗದ್ದಲ ನಿಂತ ಮೇಲೆ ತಿನ್ನುವುದನ್ನೂ ನಿಲ್ಲಿಸಿ ಕಿವಿ ಕೊಡುತ್ತಿದ್ದಳು. ಏನೂ ಇಲ್ಲ. ಹೆದರಿಕೆಯಾಗಬೇಕಿತ್ತು, ಆದರೆ ಅವಳಿಗೆ ಆಗುತ್ತಿದ್ದದ್ದು ನಿರಾಶೆ. ಅದು ಅವಳಿಗೇ ಒಂಥರಾ ಅನ್ನಿಸಿತು. ಎಲ್ಲ ಸರಿಯಿದೆ ಎಂದು ವಾಪಸು ಕಳಿಸಿದಳು. ಅದೇ ಸಂಜೆ ಆ-ಲುವಾನ್ ಫೋನು ಬಂತು: "ಅಕ್ಕ, ಮನೆಗೆ ಬಾ. ಮತ್ತೆ ಮಾತಾಡ್ತು."

ಮರುದಿನ ಹೊತ್ತು ಇಳಿಯುವ ಮುಂಚೆ ಹೋದಳು. ಯಂತ್ರ ಮಾಸ್ತರರ ಕೋಣೆಯಲ್ಲಿ, ಹಳೆಯ ಮೇಜಿನ ಮೇಲೇ ಇತ್ತು. ಗೋಡೆಗೆ ತಲೆ ಕೆಳಗಾಗಿ ತೂಗುಹಾಕಿದ ಬೊಂಬೆಗಳು. ಯಂತ್ರದ ನೆತ್ತಿಯ ಮೇಲಿನ ಹಸಿರು ಪೊಟ್ಟಣದ ಅವಧಿ ಎಂದೋ ಮುಗಿದಿತ್ತು. ಪಿ-ಯುನ್ ಯಂತ್ರವನ್ನು ಮಲಗಿಸಿ, ಮುಟ್ಟದೆ ಕೂತಳು. ಹೊರಗಿನ ಪಡಸಾಲೆಯಲ್ಲಿ ಆ-ಲುವಾನ್ ಅಪ್ಪನ ಫೋಟೋ ಮುಂದೆ ಊದಿನಕಡ್ಡಿ ಹಚ್ಚಿದ ವಾಸನೆ ಬಂತು. ಏನೋ ಗುಂಡಿ ಒತ್ತಿದ ಸದ್ದು. ಯಂತ್ರದೊಳಗಿನ ಫ್ಯಾನು ತಿರುಗಿತು. ಪರದೆ ತನ್ನಷ್ಟಕ್ಕೆ ಬೆಳಗಿತು.

ಪಡಸಾಲೆಯಿಂದ ದನಿ ಬಂತು. ಸ್ವಲ್ಪ ಒಡಕು, ಸ್ವಲ್ಪ ಆಯಾಸ, ಅವಸರವೇ ಇಲ್ಲದ್ದು:

"ಬಂದ್ಯಾ? ಕೂತ್ಕೋ."

ಪಿ-ಯುನ್‌ಗೆ ಆ ಮಾತಿನ ಗುರುತು ಸಿಕ್ಕಿತು. ಆ ವರ್ಷವಿಡೀ ಆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗಲೆಲ್ಲ, ಮಾಸ್ತರರು ತಿರುಗಿಯೂ ನೋಡದೆ ಅವಳಿಗೆ ಹೇಳುತ್ತಿದ್ದ ಮಾತು ಅದು. ಇದೇ ಎರಡು ಪದ, ಇದೇ ದನಿ. ಕೂತಿದ್ದವಳು ಎದ್ದು ನಿಂತಿದ್ದಳು. ಎದ್ದದ್ದು ಯಾವಾಗ ಎಂದು ಅವಳಿಗೇ ಗೊತ್ತಾಗಲಿಲ್ಲ.

ಬಾಗಿಲಲ್ಲಿ ಆ-ಲುವಾನ್ ನಿಂತಿದ್ದಳು. "ಕೇಳಿಸ್ತಲ್ಲ?"

"ಕೇಳಿಸ್ತು. ನೀನೀಗ ಒತ್ತಿದ್ದೇನು?"

"ಸ್ಪೀಕರು. ಬ್ಲೂಟೂತ್‌ನದ್ದು, ಜಪ ಹಚ್ಚೋಕೆ. ಅಪ್ಪಂದೇ ಅದು."

ಪಿ-ಯುನ್ ಕೀಲಿಮಣೆಯ ಮುಂದೆ ಕೂತಳು. ಕೆಲಸದ ದಾರಿ ಬೆರಳಿಗೆ ಗೊತ್ತಿತ್ತು. ನಿದ್ದೆಯಿಂದ ತನ್ನನ್ನು ಎಬ್ಬಿಸಿದ್ದು ಯಾರು ಎಂದು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ತೆಗೆದು ನೋಡಿದಳು. ಎಬ್ಬಿಸಿದ್ದು ಯುಎಸ್‌ಬಿ ಕಿಂಡಿ. ಕರಿ ಸೇಬು ಕಟ್ಟುವಾಗ ಯಾವ ಕಿಂಡಿ ಒಳಗಿನದು, ಯಾವುದು ಹೊರಗಿನದು ಎಂದು ಒಂದೊಂದನ್ನೂ ಹೇಳಿಕೊಡಬೇಕು. ಅವಳು ಹೇಳಿಕೊಟ್ಟಿದ್ದಳು ಕೂಡ. ಬಗ್ಗಿ ನೋಡಿದರೆ ಬ್ಲೂಟೂತ್‌ನ ಗುಬುಟು, ಅಂದರೆ ಕಿಂಡಿಗೆ ಚುಚ್ಚುವ ಪುಟ್ಟ ತುಂಡು, ಅವಳಿಟ್ಟ ಕಿಂಡಿಯಲ್ಲಿ ಇರಲಿಲ್ಲ, ಪಕ್ಕದ್ದರಲ್ಲಿತ್ತು.

"ಇದನ್ನ ಇಲ್ಲಿ ಚುಚ್ಚಿದ್ದು ಯಾರು?"

"ಧೂಳು ಒರೆಸುವಾಗ ನಾನೇ ತೆಗ್ದು ಹಾಕ್ದೆ. ಯಾಕೆ?"

ಪಿ-ಯುನ್ ನಿಧಾನವಾಗಿ ಬಿಡಿಸಿ ಹೇಳಿದಳು. ಸ್ಪೀಕರು ಹೊತ್ತಿಕೊಂಡ ಕೂಡಲೇ ಮೊದಲು ತನ್ನ ಹಳೇ ಜೊತೆಗಾರನನ್ನು, ಅಂದರೆ ಈ ಯಂತ್ರವನ್ನು ಹುಡುಕುತ್ತದೆ. ಗುಬುಟು ಸರಿಯಾದ ಕಿಂಡಿಯಲ್ಲಿದ್ದಾಗ ಆ ಕರೆಗೆ ಯಂತ್ರ ಏಳುತ್ತಿರಲಿಲ್ಲ, ಈಗ ಏಳುತ್ತದೆ. ಎದ್ದಾಗ, ದನಿಗಳೆಲ್ಲ ಇರುವ ಡಿಸ್ಕು ನಿದ್ದೆಯಲ್ಲಿ ಕಳಚಿಹೋಗಿರುತ್ತದೆ. ಆಟದ ಸಾಫ್ಟ್‌ವೇರ್ ಗಾಬರಿಯಾಗಿ ತಪ್ಪಿನ ಗಂಟೆ ಬಾರಿಸುತ್ತದೆ. ಆ ಗಂಟೆ ಸ್ಪೀಕರಿನಲ್ಲಿ, ಫೋಟೋ ಪಕ್ಕದಲ್ಲಿ, ಕೇಳಿಸುತ್ತದೆ.

"ಗಂಟೆ ಅಂದ್ಯಲ್ಲ. ಅದು ಅಪ್ಪನ ದನಿ."

"ತಪ್ಪಾದಾಗಲೆಲ್ಲ ಡಬ್ಬ ಬಡಿದ ಹಾಗೆ ಸದ್ದು ಮಾಡತ್ತೆ, ಮನುಷ್ಯರ ಥರ ಹೇಳೋಕಾಗಲ್ವಾ ಅಂತ ಬೈತಿದ್ರು. ಯಾವ ದನಿ ಬೇಕಾದ್ರೂ ಹಾಕ್ಕೋಬಹುದು ಅಂತ ನಾನೇ ತೋರಿಸ್ಕೊಟ್ಟಿದ್ದೆ. ಏನು ಹಾಕಿದ್ರು ಅಂತ ನಂಗೆ ಗೊತ್ತಿರ್ಲಿಲ್ಲ."

ಆ-ಲುವಾನ್ ಗೋಡೆಯ ಬೊಂಬೆಗಳ ಕಡೆ ತಿರುಗಿದಳು. "ಹಾಗಾದ್ರೆ ದಿನಾ ಅವ್ರನ್ನ ಎಬ್ಬಿಸ್ತಿದ್ದಿದ್ದು ನಾನೇನಾ?"

"ನೀನೇ."

"ಅದು ಅಮ್ಮನಿಗೆ ಹೇಳಿದ್ದು ಅಕ್ಕ. ಅಮ್ಮ ರಂಗದ ಹಿಂದೆ ಊಟದ ಡಬ್ಬಿ ತಂದಾಗ ಹಾಗೇ ಅಂತಿದ್ರಂತೆ. ದನಿ ಹೋಗೋ ಮುಂಚೆ ಸತ್ತ ಅಮ್ಮ ಅವ್ರ ಹತ್ರ ಬಂದಿದ್ಲು ಅನ್ಸತ್ತೆ."

ಪಿ-ಯುನ್ ಗುಬುಟನ್ನು ಕಿತ್ತು ಕೈಗೆ ತೆಗೆದುಕೊಂಡಳು. ಇರಬಹುದು. ಯಂತ್ರ ತಪ್ಪಿದಾಗಲೆಲ್ಲ ಅವಳನ್ನು ಕರೆಸುತ್ತಿದ್ದರು, ನಿಜ. ತಪ್ಪಿನ ಸದ್ದಿಗೆ ಆ ಮಾತನ್ನೇ ಯಾಕಿಟ್ಟರು ಎಂದು ಕೇಳಲು ಈಗ ಯಾರಿದ್ದಾರೆ. "ಇರ್ಬಹುದು," ಎಂದಳು.

"ತೆಗ್ದುಬಿಡು ಅಕ್ಕ. ಕಾರಣ ಗೊತ್ತಾದ್ರೂ ಮೇಳದವ್ರು ನಂಬಲ್ಲ. ನಾನೂ ಊದಿನಕಡ್ಡಿ ಹಿಡ್ಕೊಂಡು ದಿನಾ ನಡುಗೋಕಾಗಲ್ಲ."

ಪಿ-ಯುನ್ ಗುಬುಟನ್ನು ಅದರ ಕಿಂಡಿಗೆ ಹಾಕಿದಳು, ಕಿಂಡಿಗಳ ನಕ್ಷೆ ಇನ್ನೊಮ್ಮೆ ತಿದ್ದಿದಳು, ಡಿಸ್ಕು ಕಳಚದಂತೆ ಮಾಡಿದಳು. ದನಿಯ ಕಡತ ಚಿಕ್ಕದು, ಒಂದು ಉಸಿರಿನಷ್ಟು. ಅವಳ ಜೇಬಿನಲ್ಲಿ ಪೆನ್‌ಡ್ರೈವ್ ಇತ್ತು. ಆ-ಲುವಾನ್ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು, ನೋಡುವವರಿರಲಿಲ್ಲ. ಪಿ-ಯುನ್‌ಳ ಕೈ ಜೇಬಿನವರೆಗೆ ಹೋಗಿ ಬರಿದೇ ಹಿಂದೆ ಬಂತು. ಆಮೇಲೆ ಆ-ಲುವಾನ್‌ಳನ್ನು ಕರೆದು, ಅವಳ ಕಣ್ಣೆದುರೇ ಕಡತ ಅಳಿಸಿ, ಯಂತ್ರದ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಸ್ಪೀಕರು ಹಚ್ಚಿ ನೋಡಿದರು. ಯಂತ್ರ ಏಳಲಿಲ್ಲ. ಪಡಸಾಲೆಯಲ್ಲಿ ಜಪ ಮಾತ್ರ ಕೇಳಿಸಿತು.

ಗುಡಿಯ ಆಟಕ್ಕೆ ಪಿ-ಯುನ್ ಹೋಗಿ ಎರಡನೇ ಸಾಲಿನ ತುದಿಯಲ್ಲಿ ಕೂತಳು. ಸೆಖೆ ಇಳಿದಿರಲಿಲ್ಲ. ಹಿಂದೆ ಒಬ್ಬ ಮುದುಕಿ, ಬೆಂಚಿನ ಕೆಳಗೆ ನಾಯಿಗಳು, ಮುಂದೆ ಖಾಲಿ ಕುರ್ಚಿಗಳು. ಮಾಸ್ತರರ ದನಿಯಲ್ಲಿ ರಾಜ ಬಂದ, ಮುದುಕಿ ಬಂದಳು, ಪ್ರೇತ ಸೇನಾಪತಿ ನಕ್ಕ. ಆಟ ಅವರು ಅರ್ಧಕ್ಕೆ ಬಿಟ್ಟದ್ದೇ. ದನಿ ಮುಗಿದ ಕಡೆ ಲೌಡ್‌ಸ್ಪೀಕರ್ ಸುಮ್ಮನಾಯಿತು. ಬೊಂಬೆಗಳು ಎತ್ತಿದ ಕೈ ಎತ್ತಿದಂತೆಯೇ ನಿಂತವು. ಹಿಂದೆ ಕೂತ ಮುದುಕಿ ಬೀಸಣಿಗೆ ನಿಲ್ಲಿಸಿದಳು. ಆಮೇಲೆ ತೆರೆಯ ಹಿಂದಿನಿಂದ ಆ-ಲುವಾನ್ ದನಿ ಎತ್ತಿದಳು, ಹೆಣ್ಣು ದನಿಯಲ್ಲಿ, ತೊದಲುತ್ತ. ಸೇನಾಪತಿಯ ಮಾತು ಅವಳ ಬಾಯಲ್ಲಿ ನಿಲ್ಲಲಿಲ್ಲ. ಬೊಂಬೆ ಮುದುಕಿಯ ಮಾತು ಮಾತ್ರ ಸರಿಯಾಗಿ ಕೂತಿತು. ಆಟ ಹೇಗೋ ದಡ ಸೇರಿತು. ಚಪ್ಪಾಳೆ ತಟ್ಟುವ ಪದ್ಧತಿ ಆ ತಿಂಗಳಲ್ಲಿ ಇಲ್ಲ.

ಇದಾಗಿ ಕೆಲವು ವರ್ಷ ಕಳೆದವು. ಮ್ಯಾಕ್ ಕಂಪನಿಯವರು ತಮ್ಮದೇ ಚಿಪ್ಪಿಗೆ ಬದಲಾದ ಮೇಲೆ ಕರಿ ಸೇಬು ಕಟ್ಟುವ ಕಾಲವೇ ಮುಗಿಯುತ್ತ ಬಂತು. ಹೊಸ ವ್ಯವಸ್ಥೆ ಇಂಥ ಡಬ್ಬಿಗಳಿಗೆ ಇಳಿಯುವುದಿಲ್ಲ. ಪಿ-ಯುನ್ ಹತ್ತಿರ ಈಗ ಬರುವವರು ಕಡಿಮೆ. ಮಾಸ್ತರರ ಯಂತ್ರದ ಇಂಟರ್ನೆಟ್ ತಂತಿಯನ್ನು ಅವಳೇ ಕಿತ್ತಿದ್ದಾಳೆ. ಅದು ಹೇಗಿದೆಯೋ ಹಾಗೇ ನಿಂತಿದೆ, ಇನ್ನು ಬದಲಾಗುವುದಿಲ್ಲ. ದನಿಗಳ ಪ್ರತಿಗಳು ಬೇರೆ ಕಡೆಯೂ ಇವೆ. ಆದರೂ ಆ-ಲುವಾನ್‌ಗೆ ಆ ಮೇಜು, ಆ ಡಬ್ಬಿಯೇ ಆಗಬೇಕು. ಅದಕ್ಕಾಗಿ ಪಿ-ಯುನ್ ಆ ಡಬ್ಬಿಯೊಳಗಿನ ಜಾತಿಯ ಹಳೇ ಮದರ್‌ಬೋರ್ಡುಗಳು ಗುಜರಿಯಲ್ಲಿ ಸಿಕ್ಕರೆ ತಂದು, ತೊಳೆದು, ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ಜೋಡಿಸುತ್ತಾಳೆ.

"ಎಷ್ಟು ದಿನಾಂತ ಹೀಗೆ ಎಳೀತೀಯ ಅಕ್ಕ?" ಎಂದು ಆ-ಲುವಾನ್ ಒಮ್ಮೆ ಕೇಳಿದಳು.

"ಬೋರ್ಡು ಇರೋವರ್ಗೂ."

"ಆಮೇಲೆ?"

ಪಿ-ಯುನ್ ಕೈಲಿದ್ದ ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಸಂಜೆಯಾಗಿತ್ತು. ಶಟರು ಅರ್ಧ ಎಳೆದು, ಅಂಗಡಿಯ ಎಲ್ಲ ಯಂತ್ರಗಳನ್ನೂ ಮಲಗಿಸಿ, ದೀಪ ಆರಿಸುವ ಮುಂಚೆ, ಯಾವುದಾದರೂ ಬಂದ್ಯಾ ಎಂದೀತೇನೋ ಎಂಬಂತೆ ಕಿವಿಗೊಟ್ಟು ನಿಂತಳು. ಈಗ ದಿನಾಲೂ ಹಾಗೇ ನಿಲ್ಲುತ್ತಾಳೆ.