ಕ್ಯಾಮರಾ ನೋಡಿದ ಮನೆ

ಹುಬ್ಬಳ್ಳಿಗೆ ಬಂದು ನಾನು ಮೊದಲ ಸಲ ನಮ್ಮವರ ಜೊತೆ ಹೊರಗೆ ಹೋದ ದಿನ, ಇಡೀ ಒಂದು ಓಣಿ ನಮ್ಮನ್ನು ಕಂಡು ಬಾಗಿಲು ಹಾಕಿಕೊಂಡಿತು. ನಮ್ಮವರು ಮೂರು ಕಾಲಿನ ಸ್ಟ್ಯಾಂಡ್ ಊರಿ, ಕ್ಯಾಮರಾಕ್ಕೆ ಕರಿ ಬಟ್ಟೆ ಹೊದಿಸಿ, ತಲೆಯನ್ನು ಅದರೊಳಗೆ ತೂರಿಸಿದ್ದರು ಅಷ್ಟೆ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹೆಂಗಸರು ಮೊರ ಎತ್ತಿಕೊಂಡು ಒಳಗೆ ಓಡಿದರು. ಒಬ್ಬಾಕೆ ಮಾತ್ರ ಓಡದೆ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು.

"ಹ್ವಾದ ವಾರ ಆಚೀ ಓಣಿಗೆ ಬಂದಿದ್ರಿ. ಈ ವಾರ ಅಲ್ಲಿ ಮನಿ ಮುಂದಿನ ಗ್ವಾಡಿ ಇಲ್ಲ. ನಮ್ಮ ಮನಿ ಏನ್ ಮಾಡೇತ್ರಿ ನಿಮಗ?"

"ನಾನು ಬರೀ ಫೋಟೋ ತೆಗೆಯೋನು ತಾಯಿ" ಎಂದರು ನಮ್ಮವರು. ಆಕೆ ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

ನಮ್ಮ ಮೈಸೂರಿನಲ್ಲಿ ಕ್ಯಾಮರಾ ಬಂತೆಂದರೆ ಬೀದಿಯವರೆಲ್ಲ ಮುಖ ತೊಳೆದು, ತಲೆ ಬಾಚಿ, ಕರೆಯದಿದ್ದರೂ ಬಂದು ನಿಲ್ಲುತ್ತಾರೆ. ನನ್ನ ಗಂಡನಿಗೆ ಯಾರಾದರೂ ಹೆದರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬೆಕ್ಕು ಅಡ್ಡ ಬಂದರೆ ಮನೆಗೆ ವಾಪಸು ಬಂದು ನೀರು ಕುಡಿದು ಹೋಗುವ ಮನುಷ್ಯ. ಜನ ನಮಗೆ ಅಂಜುವುದನ್ನು ನೋಡಿ ನನಗೆ ಅವರಿಗಿಂತ ಹೆಚ್ಚು ಅಂಜಿಕೆಯಾಯಿತು.

ನಿಮಗೆ ವಿಷಯ ಬಿಡಿಸಿ ಹೇಳಬೇಕು. ನಮ್ಮವರು ಕೆಲಸಕ್ಕೆ ಸೇರಿದ ಸ್ಟುಡಿಯೋದ ಯಜಮಾನರನ್ನು ಊರೆಲ್ಲ ಕಾಕಾ ಎನ್ನುತ್ತದೆ. ಕಾಕಾ ತಮ್ಮ ಪ್ರಾಯದಲ್ಲಿ ಇಲ್ಲಿನ ಓಣಿಗಳನ್ನೆಲ್ಲ ಗಾಜಿನ ಪ್ಲೇಟುಗಳ ಮೇಲೆ ಹಿಡಿದಿಟ್ಟಿದ್ದರು. ಈಗ ಮುನಸಿಪಾಲಿಟಿಯವರು ರಸ್ತೆ ಅಗಲ ಮಾಡಲು ಹೊರಟಿದ್ದಾರೆ. ಇಲ್ಲಿನ ಮನೆಗಳಿಗೆ ಮೆಲ್ಲಗೆ ಬೀದಿಗಿಳಿಯುವ ಚಾಳಿ ಇದೆ. ಮೊದಲು ಒಂದು ಕಟ್ಟೆ ಹಾಕುತ್ತಾರೆ, ಆಮೇಲೆ ಕಟ್ಟೆಗೊಂದು ಚಪ್ಪರ, ಒಂದು ದಿನ ನೋಡಿದರೆ ಚಪ್ಪರಕ್ಕೆ ಗೋಡೆ ಬಂದಿರುತ್ತದೆ. ಯಾವ ಮನೆ ಎಷ್ಟು ಮುಂದೆ ಬಂದಿದೆ ಎಂದು ತಿಳಿಯಲು ಕಾಕಾ ಹಿಂದೆ ನಿಂತಿದ್ದ ಜಾಗದಲ್ಲೇ ನಿಂತು ಹೊಸ ಪಟ ತೆಗೆಯಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹಳೆಯದರಲ್ಲಿ ಇಲ್ಲದೆ ಹೊಸದರಲ್ಲಿ ಕಾಣುವ ಗೋಡೆಗೆ ಪಿಕಾಸಿ ಬೀಳುತ್ತದೆ.

ಆ ನೋಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮವರಿಂದ ನಾನು ಪ್ಲೇಟು ತಿದ್ದುವುದನ್ನು ಕಲಿತಿದ್ದೆ. ಮದುವೆ ವಯಸ್ಸಿಗೆ ಬಂದ ಹುಡುಗಿಯರ ಮುಖದ ಸಿಡುಬಿನ ಕಲೆಯನ್ನು ಸಣ್ಣ ಪೆನ್ಸಿಲಿನಿಂದ ಮುಚ್ಚುತ್ತಿದ್ದೆ. ಹಗಲೆಲ್ಲ ಕಿಟಕಿಯ ಬೆಳಕಿಗೆ ಕೂತು ಗೆರೆ ಗೆರೆ ನೋಡುವ ಕಣ್ಣು ನನ್ನದು ಎಂದು ಕಾಕಾ ಈ ಪಟಗಳನ್ನೂ ಮನೆಗೆ ಕಳಿಸತೊಡಗಿದರು.

ಮನೆ ಎಂದೆ; ಅದು ಒಂದೇ ಕೋಣೆ. ಇಲ್ಲಿ ಖೋಲಿ ಎನ್ನುತ್ತಾರೆ. ರೈಲು ಹರಿಹರದ ಸೇತುವೆ ದಾಟಿ ಮುಂಬಯಿ ಪ್ರಾಂತಕ್ಕೆ ಬಂದಾಗಿನಿಂದ ಹಿಡಿದು ಈ ಖೋಲಿ ಸಿಗುವವರೆಗೆ ನಾವು ಪಟ್ಟ ಪಾಡು ಶತ್ರುವಿಗೂ ಬೇಡ. ಯುದ್ಧದ ದಿನಗಳು, ಊರು ತುಂಬಿ ತುಳುಕುತ್ತಿತ್ತು. ನಮ್ಮ ಮಾತು ಕೇಳಿದ ಕೂಡಲೇ "ಎಲ್ಲೀವರ್ರಿ?" ಎನ್ನುವರು, ಮೈಸೂರು ಎಂದರೆ ಒಳಗೆ ಕೇಳಿ ಬರುತ್ತೇವೆಂದು ಹೋದವರು ಹೊರಗೆ ಬರುತ್ತಿರಲಿಲ್ಲ. ಕೊನೆಗೆ ನೀಲವ್ವ ಎಂಬವರು ತಮ್ಮ ಮನೆಯ ಮುಂದಿನ ಖೋಲಿ ಕೊಟ್ಟರು. ಅವರು ರೈಲ್ವೆ ಕೆಲಸಗಾರರಿಗೆ ಜೋಳದ ರೊಟ್ಟಿ ಬಡಿದು ಕೊಡುವವರು. ಕಾಫಿಯಿಲ್ಲದೆ ಮುಖ ಬಾಡಿಸಿಕೊಂಡಿದ್ದ ನನಗೆ ಚಹಾ ಕುಡಿಸಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಎನ್ನುವ ಕಡಲೆಕಾಯಿ ಚಟ್ನಿಪುಡಿ ಉದುರಿಸಿ, "ತಿನ್ನವ್ವಾ, ಹಿಂಗ ತೆಳ್ಳಗಿದ್ರ ನಮ್ಮ ಗಾಳಿಗೆ ಹಾರಿ ಮೈಸೂರಿಗೇ ಹೋಗಿ ಬೀಳ್ತಿ" ಎಂದು ಗದರುತ್ತಿದ್ದರು.

ಆದರೂ ಆ ಖೋಲಿಯಲ್ಲಿ ನನಗೆ ನೆಮ್ಮದಿಯಿರಲಿಲ್ಲ. ನಮ್ಮ ಕಡೆಯ ಹೆಂಚಿನ ಮಾಡಿಗೆ ಮಳೆ ಬಿದ್ದರೆ ಸದ್ದಾಗುತ್ತದೆ. ಇಲ್ಲಿ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆ. ಮಳೆ ಬಂದದ್ದು ಹಣೆಯ ಮೇಲೆ ಹನಿ ಬಿದ್ದಾಗಲೇ ಗೊತ್ತಾಗುವುದು. ಮೇಲೆ ಇಲಿ ಓಡಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. "ಓಡ್ಯಾಡೂ ಇಲಿಗೆ ಅಂಜಬ್ಯಾಡ. ಬಿದ್ದು ಸತ್ತಿದ್ದು ಕಂಡರ ಹೇಳು" ಎನ್ನುತ್ತಿದ್ದರು ನೀಲವ್ವ. ಪ್ಲೇಗು ಕಂಡ ಊರಿನ ಮಾತು ಅದು. ಇದರ ಮೇಲೆ ಹಗಲೆಲ್ಲ ಎಲ್ಲೋ ಪಿಕಾಸಿಯ ಸದ್ದು. ನಾನು ಗುರುತು ಹಾಕಿದ ಗೋಡೆಯೇ ಇರಬೇಕು ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ನಮ್ಮ ಓಣಿಯದೇ ಹಳೆಯ ಪ್ಲೇಟು ಬಂತು. ಕಿಟಕಿಗೆ ಹಿಡಿದೆ. ಎದುರು ಮನೆಯ ಬೇವಿನ ಗಿಡ ಮೊಣಕಾಲೆತ್ತರ ಇತ್ತು. ನೀಲವ್ವನ ಬಾಗಿಲು, ಬಾಗಿಲ ಮೇಲಿನ ಮರದ ಕೆತ್ತನೆ ಎಲ್ಲ ಇದ್ದವು. ಅದರ ಮುಂದೆ ಬರೀ ಬೀದಿ. ನಾನು ಕೂತಿದ್ದ ಖೋಲಿಯೇ ಇರಲಿಲ್ಲ. ಒಲೆ, ಟ್ರಂಕು, ಹಾಸಿಗೆ ಸುತ್ತಿಟ್ಟ ಮೂಲೆ, ಎಲ್ಲ ಬೀದಿಯಲ್ಲಿವೆ ಎಂದು ಆಗ ತಿಳಿಯಿತು.

ಮಧ್ಯಾಹ್ನ ಊಟಕ್ಕೆ ಬಂದ ನಮ್ಮವರಿಗೆ ತೋರಿಸಿದೆ. ಅವರು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು.

"ನೀನು ಮೈಸೂರಿಗೆ ಹೋಗಿಬಿಡು. ನಾನು ಸ್ಟುಡಿಯೋದಲ್ಲೇ ಮಲಗ್ತೀನಿ."

"ಎಷ್ಟು ದಿನ?"

"ನೋಡೋಣ" ಎಂದರು. ಆ ಮಾತು ನನ್ನನ್ನು ಪಿಕಾಸಿಗಿಂತ ಹೆಚ್ಚು ಹೆದರಿಸಿತು. ಗಂಡನ ಕೆಲಸದೂರಿನಿಂದ ಟ್ರಂಕು ಹೊತ್ತು ತವರಿಗೆ ಮರಳಿದ ಹೆಂಗಸರನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೆ. ಎರಡು ವಾರವೆಂದು ಬಂದವರ ತಲೆ ಅಲ್ಲೇ ನರೆತಿತ್ತು.

ಅವರು ಹೋದ ಮೇಲೆ ನೀಲವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತರು. "ಬೆಳಿಗ್ಗಿಂದ ಒಂದ ಪ್ಲೇಟ ಹಿಡಕೊಂಡು ಕುಂತೀಯಲ್ಲ. ನಮ್ಮ ಓಣೀದೇನು?"

"ಹೌದು."

"ಈ ಖೋಲಿ ಐತಿ ಅದರಾಗ?"

"ಇಲ್ಲ."

ಅವರು ಹೊಸ್ತಿಲ ಮೇಲೆ ಕೂತರು. "ಮದುವಿ ಹೆಣ್ಣಿನ ಮಾರಿ ಮ್ಯಾಲಿನ ಕಲಿ ತಗೀತಿ. ಒಂದು ಗ್ವಾಡಿ ಹಾಕಾಕ ಬರೂದಿಲ್ಲೇನು ನಿನಗ?"

ಬರುತ್ತಿತ್ತು. ಪ್ಲೇಟಿನ ಮೇಲೆ ಕೆಂಪು ಬಣ್ಣ ಬಳಿದರೆ ಕಾಗದಕ್ಕೆ ಇಳಿಸುವಾಗ ಅಷ್ಟು ಜಾಗವೂ ಬಿಳುಪಾಗುತ್ತದೆ. ಸುಣ್ಣ ಬಳಿದ ಗೋಡೆ ಬೇಕಿದ್ದರೆ ಅದಕ್ಕಿಂತ ಸುಲಭದ ಕೆಲಸವಿಲ್ಲ. ಸಿಕ್ಕಿಬಿದ್ದರೆ ಕಾಕಾನ ಮಾನ ಹೋಗುತ್ತದೆ, ನಮ್ಮವರನ್ನು ಪೊಲೀಸರು ಕರೆದೊಯ್ಯುತ್ತಾರೆ. ಬಳಿಯದಿದ್ದರೆ ನಾನು ಮೈಸೂರಿನ ರೈಲು ಹತ್ತಬೇಕು. ಹತ್ತಿರದ ಭಯ ದೊಡ್ಡದು. ಬಣ್ಣ ಕಲೆಸಿ ಕುಂಚ ಎತ್ತಿಕೊಂಡೆ.

ಅಂಚು ಎಲ್ಲಿಂದ ಹಿಡಿಯಲಿ ಎಂದು ಭೂತಗನ್ನಡಿ ಇಟ್ಟು ನೋಡಿದಾಗ ಒಬ್ಬ ಹುಡುಗಿ ಕಂಡಳು. ಹಳೆಯ ಪ್ಲೇಟುಗಳಿಗೆ ಬಹಳ ಹೊತ್ತು ಬೆಳಕು ಬೇಕಿತ್ತು. ಓಡಾಡುವವರೆಲ್ಲ ಅದರಲ್ಲಿ ಹೊಗೆಯ ಹಾಗೆ ಬಂದಿರುತ್ತಾರೆ. ಈ ಹುಡುಗಿ ಮಾತ್ರ ಕ್ಯಾಮರಾಕ್ಕೆ ಹೆದರಿ ಅಲ್ಲಾಡದೆ ನಿಂತುಬಿಟ್ಟಿದ್ದಳು. ಅದಕ್ಕೇ ಅಷ್ಟು ಸ್ಪಷ್ಟವಾಗಿ ಉಳಿದಿದ್ದಳು.

"ನೀಲವ್ವಾರೇ, ಇಲ್ಲೊಂದು ಹುಡುಗಿ ನಿಂತಿದ್ದಾಳೆ. ಗೋಡೆ ಹಾಕಿದರೆ ಇವಳು ಹೋಗ್ತಾಳೆ."

"ಯಾವ ಹುಡುಗಿ?"

"ಕೈಯಲ್ಲಿ ಚೊಂಬು ಇದೆ. ಒಂದು ಕಾಲಲ್ಲಿ ಗೆಜ್ಜೆ ಇದೆ, ಇನ್ನೊಂದರಲ್ಲಿ ಇಲ್ಲ."

ನೀಲವ್ವ ಸೆರಗಿಗೆ ಕೈ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. "ಇನ್ನೊಂದು ಬಾವಿಕಟ್ಟಿ ಮ್ಯಾಲೆ ಕಳಕೊಂಡು ಬಂದಿದ್ಲು" ಎಂದರು. "ಅದಕ್ಕ ನಾ ಬಡದಿದ್ದೆ."

ಅವರಿಗೊಬ್ಬ ಮಗಳಿದ್ದಳೆಂದು ನನಗೆ ಗೊತ್ತಿರಲಿಲ್ಲ. ಗೌರಿ ಎಂದು ಹೆಸರು. ಅವಳ ಒಂದು ಪಟವೂ ಮನೆಯಲ್ಲಿರಲಿಲ್ಲ. ಪ್ಲೇಟಿನಲ್ಲಿ ಎಲ್ಲವೂ ತಿರುಗಾಮುರುಗಾ: ಕಪ್ಪು ಮುಖ, ಬಿಳಿ ಕೂದಲು. ಅದನ್ನು ತಾಯಿಗೆ ತೋರಿಸಲು ಮನಸ್ಸಾಗಲಿಲ್ಲ. ಇಬ್ಬರೂ ಮಾಳಿಗೆ ಹತ್ತಿದೆವು. ಪ್ಲೇಟಿನ ಕೆಳಗೆ ಕಾಗದ ಇಟ್ಟು ಚೌಕಟ್ಟು ಬಿಗಿದು ಬಿಸಿಲಿಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಒಂದು ಮೂಲೆ ತೆರೆದು ತೋರಿಸಿದೆ. ಗೌರಿ ಮೆಲ್ಲಗೆ ಬರುತ್ತಿದ್ದಳು.

"ಬಿಸಲಾಗ ಹಂಗ ಬಿಟ್ರ?"

"ಪೂರ್ತಿ ಕಪ್ಪಾಗ್ತಾಳೆ. ಬೇಗ ಒಳಗೆ ಒಯ್ದು ಔಷಧಿಯಲ್ಲಿ ಅದ್ದಬೇಕು."

"ಲಗೂ ನಡಿ ಮತ್ತ" ಎಂದು ಅವರು ನನ್ನ ರಟ್ಟೆ ಹಿಡಿದು ಎಳೆದರು. ಏಣಿ ಇಳಿದು ಕಾಗದವನ್ನು ಔಷಧಿಯಲ್ಲಿ ಅದ್ದಿದೆ.

ಕಾಗದ ಒಣಗುವವರೆಗೆ ಅವರು ಅದರ ಮುಂದಿನಿಂದ ಏಳಲಿಲ್ಲ. ಆಮೇಲೆ ಹೇಳಿದರು: "ದಿನಾ ಅಲ್ಲೇ ನಿಂತು ಅವರಪ್ಪನ ಹಾದಿ ಕಾಯ್ತಿದ್ಲು. ಪ್ಲೇಗಿನ್ಯಾಗ ಅಕಿ ಹ್ವಾದ ಮ್ಯಾಲೆ ಆ ಜಾಗಾ ಬರಿದ ನೋಡಾಕ ಅವರಿಗೆ ಆಗ್ಲಿಲ್ಲ. ಖೋಲಿ ಕಟ್ಟಿಸಿಬಿಟ್ರು. ಒಮ್ಮಿ ಅಕಿನ್ನ ಗ್ವಾಡಿ ಕಟ್ಟಿ ಮುಚ್ಚೇವಿ. ಎರಡನೇ ಸಲ ಬ್ಯಾಡ. ಬಣ್ಣ ಒಳಗಿಡವ್ವಾ."

"ಖೋಲಿ?"

"ಹೋಗ್ಲಿ ಬಿಡು. ನೀ ಯಾಕ ಹೋಗ್ತಿ? ಪಡಸಾಲಿ ಇಲ್ಲೇನು?"

ನನಗೆ ಅಳು ತಡೆಯಲಾಗಲಿಲ್ಲ. ಖೋಲಿ ಬೀಳುವ ದಿನ ನಾವು ಟ್ರಂಕು ಎತ್ತಿಕೊಂಡು ಒಳಗಿನ ಪಡಸಾಲೆಗೆ ಹೋದೆವು. ಒಂದು ಸೀರೆ ಅಡ್ಡ ಕಟ್ಟಿದರೆ ಅದೇ ನಮ್ಮ ಮನೆ. ನಾನು ಅನ್ನ ಬೇಯಿಸುತ್ತಿದ್ದ ಜಾಗದ ಮೇಲೆ ಈಗ ಟಾಂಗಾ ಹೋಗುತ್ತವೆ. ಬೆಳಿಗ್ಗೆ ಬಾಗಿಲ ಮುಂದೆ ನೀರು ಚಿಮುಕಿಸುವುದಕ್ಕೆ ಇಲ್ಲಿ ಥಳಿ ಹೊಡೆಯುವುದು ಎನ್ನುತ್ತಾರೆ. ನೀಲವ್ವ ಹೊಸ್ತಿಲ ಮುಂದೆ ನಿಲ್ಲಿಸದೆ, ಗೌರಿ ನಿಂತಿದ್ದಲ್ಲಿಯವರೆಗೂ ಥಳಿ ಹೊಡೆದು ರಂಗೋಲಿ ಹಾಕುತ್ತಾರೆ. ಗಾಡಿ ಹಾದು ಅಳಿಸುತ್ತದೆ, ಮರುದಿನ ಮತ್ತೆ ಹಾಕುತ್ತಾರೆ. ನೀರಿಗೆ ಹೋಗುವಾಗ ನಾನು ಆ ಜಾಗ ತುಳಿಯದೆ ಸುತ್ತಿ ಹೋಗುತ್ತೇನೆ.

ತಮ್ಮನ ಮದುವೆಗೆಂದು ಮೈಸೂರಿಗೆ ಹೋಗಿದ್ದೆವು. ಬೀದಿ ನೆಟ್ಟಗಿತ್ತು, ಕಾಫಿಯ ಘಮ ಬಾಗಿಲಲ್ಲೇ ಎದುರಾಯಿತು. ನನ್ನ ಕೋಣೆಯನ್ನು ಹೊಸ ಸೊಸೆಗೆಂದು ಸುಣ್ಣ ಬಳಿದಿಟ್ಟಿದ್ದರು. ಮಾರನೆಯ ದಿನ ಎಲ್ಲರೂ ಮನೆಯ ಮುಂದೆ ಸಾಲಾಗಿ ನಿಂತರು. ನಮ್ಮವರು ಬೀದಿಯ ಆಚೆ ಸ್ಟ್ಯಾಂಡ್ ಊರಿ ತಲೆಗೆ ಕರಿ ಬಟ್ಟೆ ಎಳೆದುಕೊಂಡರು. ಆ ಗಾಜಿನ ಕಣ್ಣು ನಮ್ಮ ಬಾಗಿಲು, ನಮ್ಮ ಜಗಲಿ, ನಮ್ಮ ಹೆಂಚುಗಳ ಕಡೆ ತಿರುಗಿದ್ದು ಕಂಡಿತು. ನಾನು ಸಾಲು ಬಿಟ್ಟು ಓಡಿ ಅದರ ಮೇಲೆ ಅಂಗೈ ಇಟ್ಟೆ.

"ಏನೇ ಇದು, ಎಲ್ಲರೂ ನಿಂತಿದ್ದಾರೆ" ಎಂದಳು ಅಮ್ಮ.

"ಬ್ಯಾಡ್ರಿ" ಎಂದೆ. "ಮನಿ ಇರ್ಲಿ ಬಿಡ್ರಿ."

ಹೆತ್ತ ತಾಯಿಗೆ ನಾನು ಹುಬ್ಬಳ್ಳಿಯವರ ಹಾಗೆ ಮಾತಾಡಿದ್ದು ಕೇಳಿ ಎಲ್ಲರೂ ನಕ್ಕರು. ನಮ್ಮವರು ನಗಲಿಲ್ಲ. ಕರಿ ಬಟ್ಟೆಯಿಂದ ತಲೆ ಹೊರಗೆ ತೆಗೆದು, ಅದನ್ನು ಮಡಚಿ ನನ್ನ ಕೈಗೆ ಕೊಟ್ಟರು.